ಹಾಸ್ಟೆಲ್ ಅಡುಗೆಮನೆಯಲ್ಲಿ ಹನ್ನೆರಡು ಜನಕ್ಕೆ ಒಬ್ಬಟ್ಟಿನ ಊಟ

ಹೊರದೇಶದಲ್ಲಿ ಯುಗಾದಿಗೆ ಸಾಮಾನ್ಯವಾಗಿ ರಜೆ ಇರುವುದಿಲ್ಲ. 2026ರ ಯುಗಾದಿ ಮಾರ್ಚ್ 19, ಗುರುವಾರ. ಅಂದು ಕ್ಲಾಸೂ ಇರುತ್ತದೆ, ಲ್ಯಾಬೂ ಇರುತ್ತದೆ. ಹಬ್ಬದ ದಿನ ಎಣ್ಣೆ-ನೀರು ಹಾಕಿಕೊಂಡು ಬೇವು-ಬೆಲ್ಲ ತಿನ್ನಿ. ಊಟಕ್ಕೆ ಜನರನ್ನು ಶನಿವಾರ ಕರೆಯಿರಿ. ಅಡುಗೆ ಶುಕ್ರವಾರ ರಾತ್ರಿಯೇ ಶುರುವಾಗಬೇಕು.

ಬೆಂಗಳೂರಿನಿಂದ ಓದಲು ಹೋದವರು ಸಾಮಾನ್ಯವಾಗಿ ಎಡವುವುದು ಪಟ್ಟಿ ಬರೆಯುವಾಗಲೇ. ಎರಡು ಪಲ್ಯ, ಎರಡು ಕೋಸಂಬರಿ, ಆಂಬೊಡೆ, ಪಾಯಸ, ಒಬ್ಬಟ್ಟು ಎಂದು ಮನೆಯ ಎಲೆಯನ್ನೇ ಅಲ್ಲಿ ಬಡಿಸಲು ಹೊರಡುತ್ತಾರೆ. ಎಲ್ಲರೂ ಹಂಚಿಕೊಳ್ಳುವ ಅಡುಗೆಮನೆಯಲ್ಲಿ ನಿಮಗೆ ಸಿಗುವುದು ಎರಡು ಒಲೆ, ನಾಲ್ಕು ಗಂಟೆ. ಅಷ್ಟರಲ್ಲಿ ಹಬ್ಬದ ಊಟ ಎನಿಸುವಂಥದ್ದು ಒಬ್ಬಟ್ಟು ಮತ್ತು ಅದರ ಸಾರು. ಎರಡೂ ಒಂದೇ ಪಾತ್ರೆಯ ಬೇಳೆಯಿಂದ ಬರುತ್ತವೆ: ಬೇಳೆ ಹೂರಣಕ್ಕೆ, ಕಟ್ಟು ಸಾರಿಗೆ. ಜೊತೆಗೆ ಒಂದು ಚಿತ್ರಾನ್ನ, ಒಂದು ಕೋಸಂಬರಿ, ಅನ್ನ, ಮೊಸರು. ಇಷ್ಟು ಸಾಕು, ಇಷ್ಟನ್ನು ಚೆನ್ನಾಗಿ ಮಾಡಿ.

ಊರಿನಿಂದ ಒಯ್ಯಬೇಕಾದದ್ದು ಕಡಿಮೆ. ಬೇಳೆ, ಬೆಲ್ಲ, ಹುಣಸೆಹಣ್ಣು ಇಂಡಿಯನ್ ಸ್ಟೋರ್‌ಗಳಲ್ಲಿ ಸಿಗುತ್ತವೆ. ಸಿಗದೇ ಇರುವುದು ಮನೆಯ ಸಾರಿನ ಪುಡಿ, ಒಳ್ಳೆ ಬ್ಯಾಡಗಿ ಮೆಣಸಿನಕಾಯಿ ಮತ್ತು ಒಣಗಿದ ಬೇವಿನ ಹೂ. ಬೇವು ಹೂ ಬಿಡುವುದು ಬೇಸಿಗೆ ಹೊತ್ತಿಗೆ, ನೀವು ಹೊರಡುವುದು ಆಗಸ್ಟ್‌ನಲ್ಲಿ. ಹಾಗಾಗಿ ಮೊದಲೇ ನೆರಳಲ್ಲಿ ಒಣಗಿಸಿಟ್ಟುಕೊಳ್ಳಿ. ಇಲ್ಲವಾದರೆ ಗಾಂಧಿ ಬಜಾರ್ ಅಥವಾ ಮಲ್ಲೇಶ್ವರದ ಗ್ರಂಧಿಗೆ ಅಂಗಡಿಯಲ್ಲಿ ಕೇಳಿ ನೋಡಿ.

ಸೂಟ್‌ಕೇಸ್ ಮುಚ್ಚುವ ಮುಂಚೆ ಒಂದು ಮಾತು. ಯುಎಇ, ಸೌದಿ ಅರೇಬಿಯಾ, ಸಿಂಗಪುರಗಳಲ್ಲಿ ಗಸಗಸೆ ನಿಷಿದ್ಧ. ಬರೀ ಗಸಗಸೆ ಪೊಟ್ಟಣವನ್ನು ಬಿಟ್ಟರೆ ಸಾಲದು, ಬಿಸಿಬೇಳೆಬಾತ್ ಪುಡಿಯಲ್ಲೂ ಗಸಗಸೆ ಬೀಳುವುದುಂಟು. ಪುಡಿ ಮಾಡಿಕೊಟ್ಟವರನ್ನು ಕೇಳಿ ತಿಳಿದುಕೊಳ್ಳಿ. ದುಬೈನಲ್ಲಿ ವಿಮಾನ ಬದಲಿಸುವವರಿಗೂ ಈ ಎಚ್ಚರ ಬೇಕು. ಯುರೋಪ್ ಒಕ್ಕೂಟದ ದೇಶಗಳಿಗೆ ತುಪ್ಪ, ಹಾಲಿನ ಸಿಹಿ ಒಯ್ಯುವಂತಿಲ್ಲ. 2019ರ ಡಿಸೆಂಬರ್ 14ರಿಂದ ಹಸಿ ಕರಿಬೇವು, ಮಾವಿನೆಲೆಗಳಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ. ಅಮೆರಿಕಕ್ಕೆ ಅಕ್ಕಿ ಬೇಡ, ಧಾನ್ಯಕ್ಕೆ ಹತ್ತುವ ಖಾಪ್ರಾ ದುಂಬಿಯ ಭಯದಿಂದ ಅದನ್ನು ತಡೆಯುತ್ತಾರೆ. ಅಮೆರಿಕವಿರಲಿ, ಆಸ್ಟ್ರೇಲಿಯಾವಿರಲಿ, ತಿನ್ನುವ ಪದಾರ್ಥ ಏನಿದ್ದರೂ ಕಸ್ಟಮ್ಸ್‌ನವರಿಗೆ ತಿಳಿಸಿಬಿಡಿ. ಮಿಕ್ಸಿ ಹೊತ್ತುಕೊಂಡು ಹೋಗಬೇಡಿ. ನಮ್ಮದು 230 ವೋಲ್ಟ್, ಅಮೆರಿಕದ್ದು 120. ಅಲ್ಯೂಮಿನಿಯಂ ಕುಕ್ಕರ್ ಇಂಡಕ್ಷನ್ ಒಲೆಯ ಮೇಲೆ ಕಾಯುವುದೇ ಇಲ್ಲ. ತಳಕ್ಕೆ ಅಯಸ್ಕಾಂತ ಹಿಡಿದು ನೋಡಿ, ಅಂಟಿದರೆ ಮಾತ್ರ ಕೆಲಸಕ್ಕೆ ಬರುತ್ತದೆ.

ಈಗ ಹೂರಣ. ಹನ್ನೆರಡು ಜನಕ್ಕೆ ತಲಾ ಎರಡರಂತೆ 24 ಒಬ್ಬಟ್ಟು, ಹರಿದುಹೋಗುವುದಕ್ಕೆಂದು ಎರಡು ಹೆಚ್ಚು. ತೊಗರಿಬೇಳೆ 500 ಗ್ರಾಂ, ಬೆಲ್ಲ 450 ಗ್ರಾಂ, ತೆಂಗಿನ ತುರಿ ಒಂದು ಬಟ್ಟಲು, ಏಲಕ್ಕಿ ಎಂಟು. ಎರಡೂವರೆ ಲೀಟರ್ ನೀರು ಕುದಿಸಿ, ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ ಬಿಟ್ಟು, ತೊಳೆದ ಬೇಳೆ ಹಾಕಿ, ಮುಚ್ಚದೆ ಬೇಯಿಸಿ. ಇದಕ್ಕೆ ಕುಕ್ಕರ್ ಬೇಡವೇ ಬೇಡ. ಇಪ್ಪತ್ತು ನಿಮಿಷ ಕಳೆದ ಮೇಲೆ ಆಗಾಗ ಒಂದು ಕಾಳು ತೆಗೆದು ಬೆರಳಲ್ಲಿ ಹಿಸುಕಿ ನೋಡುತ್ತಿರಿ. ನಡುವೆ ಬಿಳಿ ಗಟ್ಟಿ ಉಳಿದಿರಬಾರದು, ಪಾತ್ರೆಯೊಳಗಿನ ಬೇಳೆ ಕರಗಿಯೂ ಇರಬಾರದು. ಆ ಹದಕ್ಕೆ ಇಳಿಸಿ ಜರಡಿಗೆ ಬಸಿಯಿರಿ, ಕಾಲು ಗಂಟೆ ಹಾಗೇ ಬಿಡಿ. ಕೆಳಗಿಳಿದ ಕಟ್ಟನ್ನು ಜೋಪಾನವಾಗಿಡಿ. ಕಿಚನ್ ಹಂಚಿಕೊಳ್ಳುವವರು ಕೊಳೆನೀರೆಂದು ಸಿಂಕಿಗೆ ಸುರಿದುಬಿಡಬಹುದು, ಮೇಲೆ ಚೀಟಿ ಅಂಟಿಸಿ.

ಬಸಿದ ಬೇಳೆಗೆ ಬೆಲ್ಲ, ತೆಂಗಿನ ತುರಿ ಸೇರಿಸಿ ಸಣ್ಣ ಉರಿಯಲ್ಲಿ ಮಗುಚುತ್ತಿರಿ. ಬೆಲ್ಲ ಕರಗಿದಾಗ ಎಲ್ಲವೂ ನೀರಾಗುತ್ತದೆ, ಗಾಬರಿಯಾಗಬೇಡಿ, ಒಲೆ ಆರಿಸಲೂಬೇಡಿ. ಚಮಚ ನೆಟ್ಟರೆ ಬೀಳದೆ ನಿಲ್ಲುವವರೆಗೂ ಕೈಯಾಡಿಸಿ. ಆರಿದ ಮೇಲೆ ಏಲಕ್ಕಿ ಹಾಕಿ, ನೀರು ಸೋಕಿಸದೆ, ಬ್ಲೆಂಡರಿನಲ್ಲಿ ಸ್ವಲ್ಪ ಸ್ವಲ್ಪವೇ ರುಬ್ಬಿ. ಒಂದು ಇಡೀ ಕಾಳು ಉಳಿದರೂ ತಟ್ಟುವಾಗ ಕಣಕ ಅಲ್ಲೇ ಹರಿಯುತ್ತದೆ. ರುಬ್ಬಿದ ಮೇಲೂ ತೆಳುವಾಗಿದ್ದರೆ ಮತ್ತೆ ಒಲೆಗೇರಿಸಿ ಬಾಡಿಸಿ. ಹಿಟ್ಟು ಬೆರೆಸಿ ಗಟ್ಟಿ ಮಾಡಲು ಹೋದರೆ ಹಸಿ ವಾಸನೆ ಉಳಿದುಬಿಡುತ್ತದೆ.

ಕಣಕಕ್ಕೆ ಮೈದಾ 375 ಗ್ರಾಂ, ಚಿರೋಟಿ ರವೆ 75 ಗ್ರಾಂ, ಅರಿಶಿನ, ಉಪ್ಪು, ಸುಮಾರು 275 ಮಿಲಿ ನೀರು, 100 ಮಿಲಿ ಎಣ್ಣೆ. ಅಲ್ಲಿ ಮೈದಾ ಎಂಬ ಹೆಸರು ಇರುವುದಿಲ್ಲ. ಬ್ರಿಟನ್ನಿನಲ್ಲಿ ಪ್ಲೇನ್ ಫ್ಲೋರ್, ಅಮೆರಿಕದಲ್ಲಿ ಆಲ್ ಪರ್ಪಸ್, ಜರ್ಮನಿಯಲ್ಲಿ ಟೈಪ್ 405 ಕೊಳ್ಳಿ. ಬ್ರೆಡ್ ಹಿಟ್ಟಿನಲ್ಲಿ ಅಂಟು ಜಾಸ್ತಿ, ತಟ್ಟಿದಷ್ಟೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಸೆಲ್ಫ್ ರೈಸಿಂಗ್ ಹಿಟ್ಟಿನಲ್ಲಿ ಬೇಕಿಂಗ್ ಪೌಡರ್ ಸೇರಿರುವುದರಿಂದ ಅದೂ ಬೇಡ. ಕಣಕ ಚಪಾತಿ ಹಿಟ್ಟಿಗಿಂತ ಬಹಳ ಮೆತ್ತಗಿರಲಿ, ಎಳೆದರೆ ತುಂಡಾಗದೆ ಜಗ್ಗಬೇಕು. ಎಣ್ಣೆಯನ್ನು ಸ್ವಲ್ಪ ಸ್ವಲ್ಪವೇ ಬಿಟ್ಟು ನಾದಿ, ಉಳಿದದ್ದನ್ನು ಮೇಲೆ ಸುರಿದು, ಎರಡು ಗಂಟೆ ನೆನೆಯಲು ಬಿಡಿ. ಒಬ್ಬಟ್ಟು ಹರಿಯುತ್ತಿದೆ ಎಂದರೆ ಹತ್ತರಲ್ಲಿ ಒಂಬತ್ತು ಸಲ ಕಣಕ ನೆನೆದಿಲ್ಲವೆಂದೇ ಅರ್ಥ.

ಕಣಕದ ಉಂಡೆ 30 ಗ್ರಾಂ, ಹೂರಣದ್ದು 50. ತೂಕದ ಯಂತ್ರವಿದ್ದರೆ ಬಳಸಿ. ರಾತ್ರಿ ಫ್ರಿಜ್ಜಿನಲ್ಲಿಟ್ಟ ಹೂರಣ ಕಲ್ಲಾಗಿರುತ್ತದೆ, ತಟ್ಟುವ ಒಂದು ಗಂಟೆ ಮುಂಚೆ ಹೊರಗಿಡಿ. ಕಣಕ, ಹೂರಣ ಎರಡರ ಹದವೂ ಒಂದೇ ಆಗಿದ್ದರೆ ಹೂರಣ ಅಂಚಿನವರೆಗೆ ಹರಡುತ್ತದೆ. ಬಾಳೆಲೆಯ ಬದಲು ಬೇಕಿಂಗ್ ಪೇಪರ್‌ಗೆ ಎಣ್ಣೆ ಸವರಿ ಅದರ ಮೇಲೆ ತಟ್ಟಿ, ಕಾಗದ ಸಮೇತ ತವಾ ಮೇಲೆ ಕವುಚಿ, ನಾಲ್ಕೆಣಿಸಿ ಕಾಗದ ಎಳೆದುಕೊಳ್ಳಿ. ಕರೆಂಟಿನ ಕಾಯಿಲ್ ಒಲೆ ಆರಿಸಿದರೂ ಕೂಡಲೇ ಬಿಸಿ ಇಳಿಯದು. ಸೀಯುವ ವಾಸನೆ ಬಂದರೆ ಗುಂಡಿ ತಿರುಗಿಸುತ್ತಾ ಕೂರಬೇಡಿ, ತವಾವನ್ನೇ ಎತ್ತಿ ಪಕ್ಕಕ್ಕಿಡಿ. ಒಂದಕ್ಕೆ ಮೂರು ನಿಮಿಷವಾದರೂ 26ಕ್ಕೆ 78 ನಿಮಿಷ. ಜನರನ್ನು ಒಂದು ಗಂಟೆಗೆ ಕರೆದಿದ್ದರೆ ಹನ್ನೊಂದಕ್ಕೆ ತವಾ ಕಾದಿರಬೇಕು.

ಸಾರು ಹಿಂದಿನ ರಾತ್ರಿಯದೇ ಇರಲಿ, ಮಾರನೆಯ ದಿನಕ್ಕೇ ಅದಕ್ಕೆ ರುಚಿ. ಸುಮಾರು ಒಂದೂವರೆ ಲೀಟರ್ ಕಟ್ಟಿಗೆ ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಎರಡೂವರೆ ಚಮಚ ಸಾರಿನ ಪುಡಿ, ಅರ್ಧ ಬಟ್ಟಲು ತೆಂಗಿನಕಾಯಿ ಜೊತೆ ರುಬ್ಬಿದ ಎರಡು ಚಮಚ ಹೂರಣ, ಉಪ್ಪು. ಹತ್ತು ನಿಮಿಷ ಚೆನ್ನಾಗಿ ಕುದಿಯಲಿ. ಒಗ್ಗರಣೆಯಲ್ಲಿ ಎಚ್ಚರ: ಕಾದ ಎಣ್ಣೆಗೆ ಒಣಮೆಣಸಿನಕಾಯಿ ಬಿದ್ದರೆ ಘಾಟಿಗೆ ಇಡೀ ಮಹಡಿ ಕೆಮ್ಮುತ್ತದೆ, ಹೊಗೆಗೆ ಅಲಾರಂ ಹೊಡೆದುಕೊಳ್ಳುತ್ತದೆ. ಸಾಸಿವೆ ಸಿಡಿದ ಕೂಡಲೇ ಬಾಣಲೆ ಇಳಿಸಿ, ಆಮೇಲೆ ಮೆಣಸಿನಕಾಯಿ, ಇಂಗು ಹಾಕಿ. ಅಲಾರಂಗೆ ಬಟ್ಟೆ ಕಟ್ಟುವ ಕೆಲಸ ಮಾತ್ರ ಮಾಡಲೇಬೇಡಿ, ಕಿಟಕಿ ತೆರೆಯಿರಿ.

ಚಿತ್ರಾನ್ನಕ್ಕೆ ಮಾವಿನಕಾಯಿ ಸಿಗದಿದ್ದರೆ ಹಸಿರು ಸೇಬನ್ನು ತುರಿದು ಹಾಕಿ. ಹುಳಿ ಸಾಲದು, ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಕೋಸಂಬರಿಗೆ ಉಪ್ಪು ಬಡಿಸುವ ಹೊತ್ತಿಗೆ. ಅಲ್ಲಿನ ಉದ್ದನೆ ಸೌತೆಕಾಯಿ ಬೇಗ ನೀರು ಬಿಡುತ್ತದೆ, ತಿರುಳು ತೆಗೆದು ಹೆಚ್ಚಿ.

ಕರೆಯುವಾಗಲೇ ಯಾರಿಗೆ ಏನು ಆಗದು ಎಂದು ಕೇಳಿಕೊಳ್ಳಿ. ಡಬ್ಬಿ ಇಂಗಿನಲ್ಲಿ ಸಾಮಾನ್ಯವಾಗಿ ಗೋಧಿ ಹಿಟ್ಟು ಇರುತ್ತದೆ, ಗ್ಲುಟೆನ್ ಆಗದವರ ಸಾರಿಗೆ ಅದು ಬೇಡ. ಚಿತ್ರಾನ್ನದ ಕಡಲೆಕಾಯಿ ಬೀಜವನ್ನು ಬೇರೆ ಹುರಿದು ಬೇರೆ ಬಟ್ಟಲಲ್ಲಿಡಿ. ಹಾಲಿನದು ಮುಟ್ಟದವರಿಗೆ ಒಬ್ಬಟ್ಟನ್ನು ಎಣ್ಣೆಯಲ್ಲೇ ಬೇಯಿಸಿ, ತುಪ್ಪವನ್ನು ಬೇಕೆಂದವರ ಎಲೆಗೆ ಮಾತ್ರ ಬಿಡಿ.

ಬಾಳೆಲೆ ಥಾಯ್, ವಿಯೆಟ್ನಾಂ ಅಂಗಡಿಗಳ ಫ್ರೀಜರಿನಲ್ಲಿ ಸಿಗುತ್ತದೆ. ಬಿಸಿ ಒಲೆಯ ಮೇಲೆ ಒಮ್ಮೆ ಆಡಿಸಿದರೆ ಸೀಳದೆ ಬಾಗುತ್ತದೆ. ತುದಿ ಊಟ ಮಾಡುವವರ ಎಡಕ್ಕೆ. ಮೊದಲು ಬೇವು-ಬೆಲ್ಲ, ಅದು ಯಾಕೆಂದು ಒಂದೇ ಮಾತಲ್ಲಿ ಹೇಳಿ, ಒಬ್ಬಟ್ಟನ್ನು ಬಿಸಿಯಾಗಿರುವಾಗಲೇ ಬಡಿಸಿ.