30 ಮೀಟರ್ ಆಳದಲ್ಲಿ 17ರ ಮಗ್ಗಿ

ಹಿಂದಿನ ದಿನ ಡೈವಿಂಗ್‌ಗೆ ಹೋಗಿ, ಸಾದಾ ಗಾಳಿಯ ಟ್ಯಾಂಕ್ ಹೊತ್ತು ಸಮುದ್ರದಲ್ಲಿ 30 ಮೀಟರ್‌ಗೆ ಇಳಿದಿದ್ದೆ. ಅಲ್ಲಿ ಮೂರು ಸಲ ಗೇಜ್ ನೋಡಿಕೊಂಡೆ. ಮೂರು ಸಲವೂ ಮುಳ್ಳು ಕಂಡಿತು, ಟ್ಯಾಂಕಿನಲ್ಲಿ ಎಷ್ಟು ಬಾರ್ ಒತ್ತಡದ ಗಾಳಿ ಉಳಿದಿದೆ ಎನ್ನುವುದು ಮಾತ್ರ ತಲೆಗೆ ಹತ್ತಲಿಲ್ಲ. ಭಯವೇನೂ ಆಗಲಿಲ್ಲ, ಒಂಥರಾ ಹಾಯೆನಿಸುತ್ತಿತ್ತು. 20 ಮೀಟರ್‌ಗೆ ಏರುವಷ್ಟರಲ್ಲಿ ಮಂಜು ಸರಿದ ಹಾಗೆ ತಲೆ ತಿಳಿಯಾಯಿತು. ನಾರ್ಕೋಸಿಸ್, ಅಂದರೆ ಆಳದಲ್ಲಿ ಉಸಿರಾಡುವ ಅನಿಲದಿಂದ ಏರುವ ಅಮಲು, ಇದೇ ಅಂತ ಮೇಲೆ ಬಂದಮೇಲೆ ಗೊತ್ತಾಯಿತು. ಕುಡಿದವನಿಗೆ ತಾನು ಕುಡಿದದ್ದು ಗೊತ್ತಾಗುವುದೂ ಕೊನೆಗೇ ತಾನೆ.

ಮರುದಿನ ನೈಟ್ರಾಕ್ಸ್, ಅಂದರೆ ನೈಟ್ರೋಜನ್ ಕಡಿಮೆ ಮಾಡಿ ಆಕ್ಸಿಜನ್ ಹೆಚ್ಚಿಸಿದ ಗಾಳಿ, ಕೇಳಿ ತೆಗೆದುಕೊಂಡೆ. ನನ್ನ ಲೆಕ್ಕ ಸರಳವಾಗಿತ್ತು. ಅಮಲು ಬರುವುದು ನೈಟ್ರೋಜನ್‌ನಿಂದ. ಗಾಳಿಯಲ್ಲಿ ಅದು ನೂರಕ್ಕೆ 79 ಪಾಲು, ಈ ಮಿಶ್ರಣದಲ್ಲಿ 68. 30 ಮೀಟರ್‌ನಲ್ಲಿ ಒಟ್ಟು ಒತ್ತಡ 4 ಬಾರ್, ಅಂದರೆ ನೈಟ್ರೋಜನ್ನಿನ ಪಾಲು 3.16 ಬಾರ್‌ನಿಂದ 2.72ಕ್ಕೆ ಇಳಿಯುತ್ತದೆ. ಗಾಳಿ ಉಸಿರಾಡುತ್ತ ಸುಮಾರು 24 ಮೀಟರ್‌ನಲ್ಲಿ ಇದ್ದಷ್ಟೇ. ಅಮಲೂ ಅಷ್ಟೇ ಇಳಿಯಬೇಕಲ್ಲ?

ಪರೀಕ್ಷೆಗೆ ಅಂತ 17ರ ಮಗ್ಗಿ ಆರಿಸಿಕೊಂಡೆ. ಚಿಕ್ಕಂದಿನಲ್ಲಿ ಪೆಟ್ಟು ತಿಂದು ಕಲಿತದ್ದು, ನಿದ್ದೆಯಲ್ಲೂ ಬರುತ್ತದೆ. ಅನಲೈಸರ್ ಹಿಡಿದಾಗ ಆಕ್ಸಿಜನ್ 31.8 ತೋರಿಸಿತು. ಟ್ಯಾಂಕಿನ ಪಟ್ಟಿಯ ಮೇಲೆ 32 ಎಂದೂ, ಗರಿಷ್ಠ ಆಳ 33 ಮೀಟರ್ ಎಂದೂ ಬರೆದು ಸಹಿ ಹಾಕಿದೆ. ಅದಕ್ಕಿಂತ ಕೆಳಗೆ ಆಕ್ಸಿಜನ್ನಿನ ಒತ್ತಡ 1.4 ಬಾರ್ ದಾಟುತ್ತದೆ, ಆಮೇಲೆ ನೀರೊಳಗೇ ಫಿಟ್ಸ್ ಬರುವ ಅಪಾಯ. ತಲೆ ತಿಳಿಯಾಗಿರಲಿ ಅಂತ ತಗೊಂಡ ಗಾಳಿ, ಆಳದ ವಿಷಯದಲ್ಲಿ ನನ್ನ ಕೈಯನ್ನೇ ಕಟ್ಟಿಹಾಕಿತ್ತು. ಆಗ ಅದು ಹೊಳೆಯಲಿಲ್ಲ.

ಕೆಳಗೆ ನೀರಿನ ಸೆಳೆತ ಜೋರಿತ್ತು. ಕಾಲು ಬಡಿದೂ ಬಡಿದೂ ಉಸಿರು ಏರಿತ್ತು. ಬಂಡೆಯೊಂದರ ಮರೆಗೆ ಸರಿದು ಸ್ಲೇಟ್ ಬಿಚ್ಚಿ ಬರೆದೆ. ಪೆನ್ಸಿಲ್ ಸರಾಗವಾಗಿ ಓಡಿತು. 170 ಮುಟ್ಟಿ ಜೊತೆಯ ಡೈವರ್‌ಗೆ ಓಕೆ ಸನ್ನೆ ಮಾಡಿದೆ. ನಿನ್ನೆಗಿಂತ ತಲೆ ಎಷ್ಟು ಚುರುಕಾಗಿದೆ ಅನ್ನುವ ಖುಷಿ ಬೇರೆ.

ದೋಣಿ ಹತ್ತಿದ ಮೇಲೆ ಇನ್‌ಸ್ಟ್ರಕ್ಟರ್ ಸ್ಲೇಟ್ ಇಸಕೊಂಡು ಓದಿದರು. ತುಟಿಯಂಚಿನಲ್ಲಿ ನಗುತ್ತ ನನ್ನ ಕಡೆ ತಿರುಗಿಸಿದರು. 102, 119, 163, 153, 170.

“ಹದಿನೇಳೆಂಟ್ಲೆ?”

“ನೂರ ಮೂವತ್ತಾರು, ಸರ್.”

“ಮತ್ತೆ ಇಲ್ಲಿ?”

163 ಆದಮೇಲೆ 153 ಬರೆದಿದ್ದೆ. ಮಗ್ಗಿ ಹಿಂದಕ್ಕೆ ನಡೆದಿತ್ತು, ನನಗೆ ಅದು ಕಂಡಿರಲೇ ಇಲ್ಲ. ತಪ್ಪಿಗಿಂತ, ಕೆಳಗಿದ್ದಾಗ ಅದು ಸರಿಯೆಂದು ನನಗಿದ್ದ ಖಾತ್ರಿ ನೆನೆದರೆ ಈಗಲೂ ಮುಜುಗರ.

“ನೈಟ್ರೋಜನ್ ಕಡಿಮೆ ಮಾಡಿ ಆ ಜಾಗಕ್ಕೆ ಏನು ತುಂಬಿದ್ರಿ?” ಎಂದು ಕೇಳಿದರು. ಆಕ್ಸಿಜನ್. ಕೊಬ್ಬಿನಲ್ಲಿ ಹೆಚ್ಚು ಕರಗುವ ಅನಿಲ ಹೆಚ್ಚು ಅಮಲು ತರುತ್ತದೆ ಅನ್ನುವುದು 19ನೇ ಶತಮಾನದ ಕೊನೆಯಲ್ಲಿ ಮೇಯರ್, ಓವರ್ಟನ್ ಎಂಬ ವಿಜ್ಞಾನಿಗಳಿಬ್ಬರೂ ಬೇರೆ ಬೇರೆಯಾಗಿ ಕಂಡುಕೊಂಡ ಸಂಗತಿ. ಆ ಅಳತೆಯಲ್ಲಿ ನೈಟ್ರೋಜನ್ 0.067, ಆಕ್ಸಿಜನ್ 0.11, ಹೀಲಿಯಂ ಬರೀ 0.015. ಕ್ಸೆನಾನ್ ಅಂತೂ ಅರಿವಳಿಕೆಗೇ ಆಗುತ್ತದೆ. ಹಾಗೆ ನೋಡಿದರೆ ನಾನು ಒಂದು ಬಾಟಲಿ ಇಳಿಸಿ ಇನ್ನೊಂದು ಬಾಟಲಿ ಎತ್ತಿದ್ದೆ. ನಿಜವಾಗಿ ತಲೆ ತಿಳಿಯಾಗಿರಬೇಕೆಂದರೆ ಹೀಲಿಯಂ ಸೇರಿಸಿದ ಟ್ರೈಮಿಕ್ಸ್ ಬೇಕು. ಅದಕ್ಕೆ ತರಬೇತಿಯೂ ಬೇರೆ, ಖರ್ಚೂ ಬೇರೆ.

ನಾನೂ ಸುಮ್ಮನಾಗಲಿಲ್ಲ. ಆಕ್ಸಿಜನ್ನನ್ನು ಮೈ ಖರ್ಚು ಮಾಡಿಬಿಡುತ್ತದಲ್ಲ, ನೈಟ್ರೋಜನ್ ಹಾಗೆ ಖರ್ಚಾಗುವುದಿಲ್ಲವಲ್ಲ ಅಂದೆ. ಅವರು ಒಪ್ಪಿದರು. ಮಿದುಳಿಗೆ ತಲುಪುವ ಆಕ್ಸಿಜನ್ ಎಷ್ಟು, ಅದರ ಅಮಲು ಎಷ್ಟು ಎಂಬ ಚರ್ಚೆ ಮುಗಿದಿಲ್ಲವಂತೆ. ಅದಕ್ಕೇ ಡೈವ್ ಯೋಜಿಸುವಾಗ ಆಕ್ಸಿಜನ್, ನೈಟ್ರೋಜನ್ ಎರಡರ ಅಮಲನ್ನೂ ಸಮ ಎಂದು ಹಿಡಿಯುವುದು ಸುರಕ್ಷಿತವಂತೆ. ಹಾಗೆ ಹಿಡಿದರೆ ನನ್ನ 30 ಮೀಟರ್ 30 ಮೀಟರೇ.

“ಕಾಲು ಬಡಿದದ್ದನ್ನು ಮರೆತ್ರಾ?” ಅಂದರು. ಏದುಸಿರು ಬಿಟ್ಟಾಗ ಮೈಯಲ್ಲಿ ಉಳಿಯುವ ಇಂಗಾಲದ ಡೈಆಕ್ಸೈಡ್ ಮತ್ತನ್ನು ಇನ್ನಷ್ಟು ಏರಿಸುತ್ತದೆ. ಆಳದಲ್ಲಿ ಗಾಳಿ ದಪ್ಪಗಾಗಿ ಎಳೆಯುವುದೂ ಬಿಡುವುದೂ ಕಷ್ಟ, ನೈಟ್ರಾಕ್ಸ್ ಸಾದಾ ಗಾಳಿಗಿಂತ ಒಂದು ಚೂರು ಭಾರವೇ. ಒಂದೇ ಸ್ಲೇಟಿನಿಂದ ಏನನ್ನೂ ಸಾಬೀತು ಮಾಡಲಾಗದು ಎನ್ನುವುದನ್ನೂ ಹೇಳಿಬಿಡುತ್ತೇನೆ. ಸೆಳೆತ, ಚಳಿ, ಹಿಂದಿನ ದಿನದ ಅಂಜಿಕೆ ಎಲ್ಲ ಬೆರೆತಿತ್ತು.

ಹಾಗಂತ ನೈಟ್ರಾಕ್ಸ್ ದಂಡವಾಯಿತು ಅನ್ನಲಾರೆ. ಅಂದು ಡೈವ್ ಕಂಪ್ಯೂಟರ್ ಆ ಆಳದಲ್ಲಿ ಇರಲು ಹತ್ತಿರತ್ತಿರ 30 ನಿಮಿಷ ಕೊಟ್ಟಿತ್ತು, ಹಿಂದಿನ ದಿನ ಸಿಕ್ಕಿದ್ದು 20. ಮೈಗೆ ಸೇರುವ ನೈಟ್ರೋಜನ್ ಕಡಿಮೆ ಅನ್ನುವುದು ನಿಜ, ಅದು ಅದರ ಕೆಲಸ. ನಾನು ಅದರಿಂದ ಬೇರೆಯದನ್ನೇ ಕೇಳಿದ್ದೆ.

ಎರಡನೇ ಡೈವ್ 18 ಮೀಟರ್. ಸ್ಲೇಟನ್ನು ಉಜ್ಜಿ ತೊಳೆದು ಜೊತೆಗೆ ಒಯ್ದಿದ್ದೆ. ಬಂಡೆಯ ಸಂದಿನಲ್ಲಿ ಆಕ್ಟೋಪಸ್ ಒಂದು ಬಣ್ಣ ಬದಲಿಸುತ್ತ ಕೂತಿತ್ತು. ಮಗ್ಗಿ ಬರೆಯುವುದು ಮರೆತೇಹೋಯಿತು.