ತಾಪಮಾನ ಗೊತ್ತಿದ್ದರೆ ಸಾಲದೇ?

ಗೋಣಿಕೊಪ್ಪ, ವಿರಾಜಪೇಟೆ, ಮಡಿಕೇರಿ ಕಡೆಯ ಬಿ.ಎಸ್ಸಿ. ಮಕ್ಕಳಿಗೆ ನಾನು ಪ್ಲಾಸ್ಮಾದ (ಎಲೆಕ್ಟ್ರಾನ್ ಕಳಚಿಕೊಂಡ ಪರಮಾಣುಗಳ ಅನಿಲದ) ಲೆಕ್ಕ ಮಾಡುವವಳು ಎಂದು ಗೊತ್ತಾದರೆ ಸಾಕು, ಕೇಳುವುದು ಇದನ್ನೇ: "ಮೇಡಂ, ಸಹಾ ಸಮೀಕರಣ ಇದೆಯಲ್ಲ? ತಾಪಮಾನ, ಸಾಂದ್ರತೆ ಹಾಕಿದರೆ ಎಷ್ಟು ಪರಮಾಣು ಎಲೆಕ್ಟ್ರಾನ್ ಕಳಕೊಂಡು ಅಯಾನಾಗಿದೆ ಅಂತ ಬಂದುಬಿಡುತ್ತೆ. ಮತ್ತೆ ಅಷ್ಟು ದೊಡ್ಡ ಕಂಪ್ಯೂಟರ್ ಮಾದರಿ ಯಾಕೆ?"

ಮೇಘನಾದ ಸಹಾ 1920ರಲ್ಲಿ ಕೊಟ್ಟ ಆ ಸಮೀಕರಣದಿಂದಲೇ ನಕ್ಷತ್ರಗಳ ರೋಹಿತ (ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿದಾಗ ಕಾಣುವ ಪಟ್ಟಿ ಮತ್ತು ಅದರಲ್ಲಿನ ರೇಖೆಗಳು) ನಮಗೆ ಅರ್ಥವಾಗತೊಡಗಿದ್ದು. ಆದರೆ ಅದಕ್ಕೊಂದು ಷರತ್ತಿದೆ. ಅನಿಲವೂ ಬೆಳಕೂ ಒಂದೇ ತಾಪಮಾನಕ್ಕೆ ಹೊಂದಿಕೊಂಡು ಸಮತೋಲನದಲ್ಲಿರಬೇಕು. ದೂರದ ನಕ್ಷತ್ರದ ಬೆಳಕು ತೆಳು ಅನಿಲದ ಮೇಲೆ ಬೀಳುವಲ್ಲಿ ಆ ಷರತ್ತು ನಡೆಯುವುದಿಲ್ಲ.

ಕಾಫಿ ಕುಯ್ಲಿನ ದಿನಗಳಲ್ಲಿ ನಮ್ಮಲ್ಲಿ ಆಕಾಶ ತಿಳಿಯಾಗಿರುತ್ತದೆ. ತೋಟದ ಮನೆಯ ಅಂಗಳದಿಂದಲೇ ಒರಾಯನ್ ನಕ್ಷತ್ರಪುಂಜದ ಮೂರು ಸಾಲು ನಕ್ಷತ್ರಗಳ ಕೆಳಗೆ ಮಸುಕಾದ ನೀಹಾರಿಕೆ (ಅನಿಲದ ಮೋಡ) ಬರಿಗಣ್ಣಿಗೆ ಕಾಣುತ್ತದೆ. ಅಲ್ಲಿನ ಅನಿಲದ ತಾಪಮಾನ ಸುಮಾರು 10,000 ಕೆಲ್ವಿನ್; ಒಳಭಾಗದಲ್ಲಿ ಘನ ಸೆಂಟಿಮೀಟರಿಗೆ ಸುಮಾರು 10,000 ಕಣ. ಇದನ್ನು ಸಹಾ ಸಮೀಕರಣಕ್ಕೆ ಹಾಕಿ. ಸಾವಿರಾರು ಕೋಟಿ ಹೈಡ್ರೋಜನ್‌ನಲ್ಲಿ ಒಂದು ಮಾತ್ರ ಅಯಾನಾಗದೆ ಉಳಿದಿದೆ ಎನ್ನುತ್ತದೆ. ವಾಸ್ತವದಲ್ಲಿ ಉಳಿದಿರುವುದು ಕೆಲವು ಸಾವಿರಕ್ಕೊಂದು. ಅಲ್ಲಿ ಪ್ರೋಟಾನ್‌ಗೆ ಎಲೆಕ್ಟ್ರಾನ್ ಮತ್ತೆ ಸಿಕ್ಕಲು ಹನ್ನೆರಡು ವರ್ಷದಷ್ಟು ಹಿಡಿಯುತ್ತದೆ. ಸಿಕ್ಕ ಎಲೆಕ್ಟ್ರಾನನ್ನು ನಕ್ಷತ್ರದ ಅತಿನೇರಳೆ ಬೆಳಕು ಕೆಲವೇ ದಿನಗಳಲ್ಲಿ ಕಿತ್ತುಹಾಕುತ್ತದೆ. ಈ ಎರಡು ವೇಗಗಳ ಅನುಪಾತವೇ ಉತ್ತರ. ತಾಪಮಾನ ಇಲ್ಲಿ ಯಜಮಾನನಲ್ಲ; ಬೆಳಕು ಕೊಟ್ಟ ಬಿಸಿಗೂ ಅನಿಲ ಹೊರಚೆಲ್ಲುವ ಬಿಸಿಗೂ ಸರಿಹೋದಾಗ ಉಳಿಯುವ ಫಲಿತಾಂಶ ಅಷ್ಟೆ.

ಸಿಗ್ನಸ್ ಎಕ್ಸ್-3ರಂಥ ಎಕ್ಸ್-ಕಿರಣ ಜೋಡಿನಕ್ಷತ್ರಗಳಲ್ಲಿ ಇದು ಇನ್ನೂ ಸ್ಪಷ್ಟ. ಅಲ್ಲಿ ಗಂಧಕದ ಪರಮಾಣುಗಳೇ ಎಲೆಕ್ಟ್ರಾನ್ ಕಳಚಿ ಬಹುತೇಕ ಬೋಳಾಗಿವೆ. ಬರೀ ಡಿಕ್ಕಿಯಿಂದ ಹಾಗಾಗಬೇಕಿದ್ದರೆ ಕೋಟಿಗಟ್ಟಲೆ ಡಿಗ್ರಿ ಬೇಕು. ಎಲೆಕ್ಟ್ರಾನ್‌ಗಳು ಅದಕ್ಕಿಂತ ಎಷ್ಟೋ ತಣ್ಣಗಿವೆ. ಡಿಸೆಂಬರ್ ಬೆಳಿಗ್ಗೆ ಕಣದಲ್ಲಿ ಹರವಿದ ಕಾಫಿ ಎಷ್ಟು ಒಣಗುತ್ತದೆ ಎಂದು ನೆರಳಲ್ಲಿಟ್ಟ ಥರ್ಮಾಮೀಟರ್ ನೋಡಿ ಹೇಳಲಾಗದು, ಬಿಸಿಲು ನೋಡಬೇಕು. ಹಾಗಾಗಿ ಇಲ್ಲಿ ಬಳಸುವ ಅಳತೆಯೇ ಬೇರೆ: ಮೂಲದ ಪ್ರಕಾಶವನ್ನು ಸಾಂದ್ರತೆ ಮತ್ತು ದೂರದ ವರ್ಗದ ಗುಣಲಬ್ಧದಿಂದ ಭಾಗಿಸಿದ್ದು. ಟಾರ್ಟರ್, ಟಕರ್, ಸಾಲ್ಪೀಟರ್ 1969ರಲ್ಲಿ ತಂದ ಈ ಅಯಾನೀಕರಣ ನಿಯತಾಂಕವನ್ನು ಇಂದಿಗೂ ಬಳಸುತ್ತೇವೆ.

ಹಾಗಾದರೆ ಕಂಪ್ಯೂಟರ್ ಯಾಕೆ? ಕಬ್ಬಿಣ ಒಂದನ್ನೇ ನೋಡಿ. ಸುಮಾರು 7.1 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಶಕ್ತಿ ಮೀರಿದ ಎಕ್ಸ್-ಕಿರಣ ಅದರ ಒಳಗಿನ ಎಲೆಕ್ಟ್ರಾನನ್ನೇ ಹೊಡೆದು ಹಾರಿಸುತ್ತದೆ. ಆ ಜಾಗಕ್ಕೆ ಹೊರಗಿನದೊಂದು ಇಳಿದಾಗ ಮೂರರಲ್ಲಿ ಒಂದು ಸಲ ಎಕ್ಸ್-ಕಿರಣವಾಗಿ ಶಕ್ತಿ ಹೊರಬರುತ್ತದೆ, ಉಳಿದಂತೆ ಅದೇ ಶಕ್ತಿ ಇನ್ನೊಂದು ಎಲೆಕ್ಟ್ರಾನನ್ನು ಹೊರದಬ್ಬುತ್ತದೆ. ಇದಕ್ಕೆ ಆಜೆ ಪ್ರಕ್ರಿಯೆ ಎನ್ನುತ್ತಾರೆ. ಒಂದು ಫೋಟಾನ್ (ಬೆಳಕಿನ ಕಣ) ಬಿದ್ದರೆ ಹಲವು ಎಲೆಕ್ಟ್ರಾನ್ ಹೋಗಬಹುದು. ಇಂಥ ಪ್ರತಿಯೊಂದು ದಾರಿಯ ವೇಗವನ್ನೂ ಇಪ್ಪತ್ತಾರು ಹಂತಗಳ ಅಯಾನುಗಳಿಗೆ ಒಟ್ಟಿಗೆ ಬಿಡಿಸಬೇಕು. ಅನಿಲದ ಒಳಪದರಕ್ಕೆ ತಲುಪುವಷ್ಟರಲ್ಲಿ ಬೆಳಕೇ ಸೋಸಿಹೋಗಿರುತ್ತದೆ, ಅಲ್ಲಿ ಮತ್ತೆ ಮೊದಲಿನಿಂದ. 1978ರಲ್ಲಿ ಗ್ಯಾರಿ ಫರ್ಲೆಂಡ್ ಶುರುಮಾಡಿದ 'ಕ್ಲೌಡಿ' ಎಂಬ ಕಂಪ್ಯೂಟರ್ ಪ್ರೋಗ್ರಾಂ ಮಾಡುವುದು ಈ ಕೆಲಸವನ್ನೇ.

ಆ ವೇಗಗಳು ಸರಿಯೇ ಎಂದು ಭೂಮಿಯ ಮೇಲೂ ಪರೀಕ್ಷಿಸುತ್ತಾರೆ ಎಂಬುದು ನನಗೆ ಬಹಳ ಇಷ್ಟದ ಸಂಗತಿ. ಅಮೆರಿಕದ ಸ್ಯಾಂಡಿಯಾ ಪ್ರಯೋಗಾಲಯದ 'ಝಡ್' ಯಂತ್ರದಲ್ಲಿ ಸಿಲಿಕಾನ್ ಮೇಲೆ ತೀವ್ರ ಎಕ್ಸ್-ಕಿರಣ ಹಾಯಿಸಿ ನೋಡಿದ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಆಜೆ ಪ್ರಕ್ರಿಯೆ ನುಂಗಿಹಾಕುತ್ತದೆ ಎಂದುಕೊಂಡಿದ್ದ ರೇಖೆಗಳು ಅಲ್ಲಿ ಕಾಣಿಸಿಕೊಂಡವು. ಕೃಷ್ಣರಂಧ್ರಗಳ ಸುತ್ತ ಕಬ್ಬಿಣದ ಕೆಲವು ರೇಖೆಗಳು ಕಾಣದಿರುವುದಕ್ಕೂ ಅದೇ ಕಾರಣ ಕೊಡಲಾಗಿತ್ತು; ಈಗ ಆ ವಿವರಣೆಯೇ ಅನುಮಾನಕ್ಕೆ ಬಂದಿದೆ.