ಜರ್ಮನಿಯ ಬ್ಲಾಕ್ಡ್ ಅಕೌಂಟ್: ದುಡ್ಡು ಎಲ್ಲಿ ಸಿಕ್ಕಿಕೊಳ್ಳುತ್ತದೆ

ಜರ್ಮನಿಗೆ ಓದಲು ಬರುವವರು ವೀಸಾಗಾಗಿ ಒಂದು ವರ್ಷದ ಖರ್ಚಿಗೆ ತೋರಿಸಬೇಕಾದ ಮೊತ್ತ 2024ರ ಸೆಪ್ಟೆಂಬರ್‌ನಿಂದ 11,904 ಯೂರೋ. ಅದಕ್ಕೆ ಮುಂಚೆ 11,208 ಇತ್ತು. ಇಲ್ಲಿನ ಸರ್ಕಾರದ ವಿದ್ಯಾರ್ಥಿ ನೆರವಿನ ದರ ಏರಿದಾಗ ಇದೂ ಏರುತ್ತದೆ. ಆದ್ದರಿಂದ ದುಡ್ಡು ಕಳಿಸುವ ವಾರ ದೂತಾವಾಸದ ಪುಟ ಇನ್ನೊಮ್ಮೆ ನೋಡಿ.

ಅಪ್ಪನ ಎಫ್‌ಡಿ, ಊರಿನ ಸೈಟಿನ ಮೌಲ್ಯಪತ್ರ, ಸಿಎ ಬರೆದುಕೊಟ್ಟ ಆಸ್ತಿ ಲೆಕ್ಕವನ್ನೇ ನಂಬಿ ಕೂರಬೇಡಿ. ಮನೆಯಲ್ಲಿ ಎಷ್ಟೇ ಇರಲಿ, ಇಲ್ಲಿಗೆ ಬಂದ ಮೇಲೆ ತಿಂಗಳಾ ತಿಂಗಳು ಬಾಡಿಗೆಗೆ, ಊಟಕ್ಕೆ, ಆರೋಗ್ಯ ವಿಮೆಗೆ ಕೈಗೆ ಸಿಗುವುದೆಷ್ಟು ಎಂದು ಅಧಿಕಾರಿಗಳು ನೋಡುತ್ತಾರೆ. ವಿದ್ಯಾರ್ಥಿವೇತನವೋ ಜರ್ಮನಿಯಲ್ಲಿರುವ ಬಂಧುಗಳ ಅಧಿಕೃತ ಹೊಣೆಪತ್ರವೋ ಇದ್ದರೆ ಸರಿ. ಇಲ್ಲದವರ ದಾರಿ ಬ್ಲಾಕ್ಡ್ ಅಕೌಂಟ್. ಇಡೀ ಮೊತ್ತ ಅದರಲ್ಲಿ ಬೀಗ ಹಾಕಿಕೊಂಡಿರುತ್ತದೆ, ತಿಂಗಳಿಗೆ 992 ಯೂರೋ ಮಾತ್ರ ಬಿಡುತ್ತಾರೆ.

ಹೆಚ್ಚಿನವರು ಎಡವುವುದು ಹಣ ಕಳಿಸುವಾಗ. ಊರಿನ ಬ್ಯಾಂಕಿನಿಂದ ಸರಿಯಾಗಿ 11,904 ಹೊರಟರೂ ನಡುವಿನ ಬ್ಯಾಂಕು ತನ್ನ ಶುಲ್ಕ ಮುರಿದುಕೊಂಡರೆ ಇಪ್ಪತ್ತೋ ಮೂವತ್ತೋ ಯೂರೋ ಕಡಿಮೆ ಬರುತ್ತದೆ. ಅಷ್ಟು ಕೊರತೆಗೇ ಖಾತೆಯ ದೃಢೀಕರಣ ಪತ್ರ ನಿಂತುಹೋಗುತ್ತದೆ. ಆದ್ದರಿಂದ ಫಾರ್ಮಿನಲ್ಲಿ ಶುಲ್ಕದ ಜಾಗದಲ್ಲಿ ‘ಓಯುಆರ್’ (OUR, ಅಂದರೆ ಎಲ್ಲ ಶುಲ್ಕ ಕಳಿಸುವವರದೇ) ಎಂದೇ ಗುರುತು ಮಾಡಿಸಿ, ಜೊತೆಗೆ ನೂರು ಯೂರೋ ಹೆಚ್ಚಿಗೆ ಕಳಿಸಿ. ಆ ನೂರು ನಿಮ್ಮದೇ ದುಡ್ಡು. ಖಾತೆ ತೆರೆಯುವ ಕಂಪನಿಯ ಶುಲ್ಕ ಬೇರೆ. ಅವರು ಕೊಟ್ಟ ರೆಫರೆನ್ಸ್ ಸಂಖ್ಯೆ ಒಂದಕ್ಷರವೂ ತಪ್ಪದೆ ಹೋಗಬೇಕು, ಅಪ್ಪ ಅಮ್ಮನ ಖಾತೆಯಿಂದ ಕಳಿಸುವಾಗಲಂತೂ.

ನಮ್ಮ ಕಡೆಯ ಹೆಸರುಗಳದ್ದು ಇನ್ನೊಂದು ಕಥೆ. ಬ್ಯಾಂಕಿನಲ್ಲಿ ‘ಕೆ. ಆರ್.’ ಎಂಬ ಇನಿಷಿಯಲ್ಲು, ಪಾಸ್‌ಪೋರ್ಟಿನಲ್ಲಿ ಅದರ ಪೂರ್ತಿ ರೂಪ, ಇಲ್ಲವೇ ಸರ್‌ನೇಮ್ ಜಾಗ ಖಾಲಿ. ಬ್ಲಾಕ್ಡ್ ಅಕೌಂಟಿನ ಹೆಸರು ಪಾಸ್‌ಪೋರ್ಟಿನಂತೆಯೇ ಇರಲಿ. ಉಳಿದ ದಾಖಲೆಗಳನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಶಿಕ್ಷಣ ಸಾಲ ತೆಗೆಯುವವರಿಗೆ ತೊಡಕು ಬೇರೆ. ವೀಸಾ ಬಂದ ಮೇಲೆ ದುಡ್ಡು ಬಿಡುತ್ತೇವೆ ಎನ್ನುವ ಬ್ಯಾಂಕುಗಳಿವೆ, ದುಡ್ಡು ಬಾರದೆ ವೀಸಾ ಇಲ್ಲ. ವೀಸಾಗೆ ಮುಂಚೆಯೇ ಬ್ಲಾಕ್ಡ್ ಅಕೌಂಟಿಗೆ ಹಣ ಬಿಡುವುದಾಗಿ ಮಂಜೂರಾತಿ ಪತ್ರದಲ್ಲೇ ಬರೆಸಿಕೊಳ್ಳಿ. ಬಾಯಿಮಾತಿನ ಭರವಸೆ ಸಾಲದು. ಸ್ವಂತ ದುಡ್ಡಾದರೆ, 2025ರ ಏಪ್ರಿಲ್‌ನಿಂದ ಆರ್ಥಿಕ ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಟಿಸಿಎಸ್ (ಹೊರದೇಶಕ್ಕೆ ಹಣ ಕಳಿಸುವಾಗ ಬ್ಯಾಂಕು ವಸೂಲಿ ಮಾಡುವ ತೆರಿಗೆ) ಇಲ್ಲ. ಬ್ಲಾಕ್ಡ್ ಅಕೌಂಟು ಮತ್ತು ಕಾಲೇಜು ಫೀಸು ಒಂದೇ ವರ್ಷದಲ್ಲಿ ಹೋದರೆ ಆ ಗೆರೆ ದಾಟಬಹುದು, ಲೆಕ್ಕ ಹಾಕಿಟ್ಟುಕೊಳ್ಳಿ. ವೀಸಾ ಸಿಗದಿದ್ದರೆ ನಿರಾಕರಣೆ ಪತ್ರ ಕೊಟ್ಟು ಹಣ ವಾಪಸ್ ಪಡೆಯಬಹುದು.

ಇಲ್ಲಿಗೆ ಬಂದಿಳಿದ ದಿನವೇ ಆ ಹಣ ಸಿಗುವುದಿಲ್ಲ. ವಿಳಾಸ ನೋಂದಾಯಿಸಿ, ಸಾಮಾನ್ಯ ಖಾತೆ ತೆರೆದು, ಅದರ ನಂಬರು ಕೊಟ್ಟ ಮೇಲೆ ಮೊದಲ ಕಂತು. ಮನೆಯ ಮಾಲೀಕರೋ ಮೂರು ತಿಂಗಳ ಬಾಡಿಗೆಯವರೆಗೆ ಅಡ್ವಾನ್ಸ್ ಕೇಳಬಹುದು, ಕಾನೂನಿನಲ್ಲೇ ಅವಕಾಶವಿದೆ. ಆ ದುಡ್ಡನ್ನು ಬೇರೆಯಾಗಿ ಫಾರೆಕ್ಸ್ ಕಾರ್ಡಿನಲ್ಲಿ ತನ್ನಿ.